ಇನ್ನೊಂದು ವಾಷರ್

೫ ಜನೇವರಿ ೨೦೦೦, ಬುಧವಾರ

ಡಾಕ್ಟರಬಾಯಿ ನನ್ನ ಗಂಟಲದಾಗ ಕನ್ನಡಿ ಹಾಕಿ ನೋಡಿದ್ರು. ಆರು ವಾರ ಒಂದ ಮಾತೂ ಆಡಬಾರದಂತ. ಪಿಸುಮಾತು ಸೈತ ಬ್ಯಾಡಂತ. ಒಳಗ ಎರಡು ಗಂಟು ಎದ್ದಾವು, ಜ್ವಾಳದ ಕಾಳಿನಷ್ಟು, ಒದರಿ ಒದರಿ ಬಂದದ್ದು. ಸುಮ್ಮನಿದ್ರ ತಾವ ಕರಗತಾವು, ಇಲ್ಲಂದ್ರ ಆಪರೇಶನ್ನು, ಆಮ್ಯಾಲ ಧ್ವನಿ ಹೆಂಗ ಬರತೈತೋ ಹೇಳಾಕ ಬರೂದಿಲ್ಲ ಅಂದ್ರು.

ಗ್ಯಾರೇಜ್ ನಡಸಾವ ಒದರಲಾರದ ಹೆಂಗ ಇರತಾನ? ಇಪ್ಪತ್ತಾರು ವರ್ಷ ಬುಲೆಟ್ ಗಾಡಿ ಬಾಜೂಕ ನಿಂತು ಮಾತಾಡೀನಿ. ಈರಣ್ಣನ ಗ್ಯಾರೇಜ್ ಎಲ್ಲೈತಿ ಅಂತ ಶಿವಬಸವ ನಗರದಾಗ ಯಾರೂ ವಿಳಾಸ ಕೇಳೂದಿಲ್ಲ, ಧ್ವನಿ ಹಿಡದು ಬರತಾರ. ಇದನ್ನ ಹೇಳಾಕ ಬಾಯಿ ತಗದ್ನಿ. ಡಾಕ್ಟರಬಾಯಿ ತುಟಿ ಮ್ಯಾಲ ಬಟ್ಟು ಇಟ್ಟು ತೋರಿಸಿದ್ರು. ಸಾಲಿ ಹುಡುಗರಿಗೆ ತೋರಿಸಿದಂಗ.

ಈ ಡೈರಿ ಟಯರ್ ಅಂಗಡಿಯವ ಹೊಸ ವರ್ಷಕ್ಕ ಕೊಟ್ಟದ್ದು. ಹೊಟ್ಟ್ಯಾಗಿನ ಮಾತು ಎಲ್ಲಿಗೆರ ಹೋಗಬೇಕಲ್ಲ, ಇದರಾಗ ಹಾಕತೀನಿ. ನನ್ನ ಹೆಂಡತಿ ಕಾಂತಾ ಸಂಜೀಕ ಒಂದು ಪಾಟಿ, ಒಂದು ಡಬ್ಬಿ ಬಳಪ ತಂದು ಕೊಟ್ಲು. ನಕ್ಕೋಂತ ಕೊಟ್ಲು. ಅದನ್ನೂ ಲಕ್ಷ್ಯದಾಗ ಇಟ್ಟೀನಿ.

೭ ಜನೇವರಿ, ಶುಕ್ರವಾರ

ಇವತ್ತ ಗ್ಯಾರೇಜಿನ್ಯಾಗ ಮೂರು ಸಲ ಪಾಟಿ ಮ್ಯಾಲ ಬರದ್ನಿ, ಹತ್ತೊಂಬತ್ತರ ಪಾನಾ ಕೊಡು ಅಂತ. ಮೂರೂ ಸಲ ನಾ ಬರದು ಮುಗಸೂದ್ರಾಗ ರಾಯಪ್ಪ ಆ ಸ್ಪ್ಯಾನರ್ ನನ್ನ ಕೈಯಾಗ ಇಟ್ಟಿದ್ದ. ಬೇಕಾಗೂದು ಅವಗ ಮೊದಲ ಗೊತ್ತಿತ್ತು ಅಂದ್ರ ಇಷ್ಟು ವರ್ಷ ನಾ ಯಾಕ ಒದರಿದ್ನಿ?

ರಾಯಪ್ಪ ನನ್ನ ಹತ್ರ ಹದಿಮೂರು ವರ್ಷದಿಂದ ಅದಾನ. ಕೈ ಚಲೋ, ಬಾಯಿ ಇಲ್ಲ. ಒಂದು ಮಾತು ಸುರು ಮಾಡತಾನ, ನಡುವ ಬಿಟ್ಟುಬಿಡತಾನ. ಮನಷ್ಯಾ ಸುರು ಮಾಡಿದ್ದು ಮುಗಸಬೇಕೋ ಬ್ಯಾಡೋ?

೧೨ ಜನೇವರಿ, ಬುಧವಾರ

ಯಲ್ಲೇಶ ಬಂದಿದ್ದ. ಖಾನಾಪುರದಾವ, ಉದ್ಯಮಬಾಗದ ಫೌಂಡ್ರಿಯೊಳಗ ನೌಕರಿ, ದಿನಾ ಬುಲೆಟ್ ಮ್ಯಾಲ ಬಂದು ಹೋಗತಾನ. ಅವರಪ್ಪ ಇನ್ನೂ ಕುರಿ ಕಾಯತಾನ, ಇವ ಗಾಡಿ ಕಾಯತಾನ.

ಫೆಬ್ರುವರಿ ಹದಿಮೂರಕ್ಕ ಖಾನಾಪುರದಾಗ ಭತ್ತ ಕೊಯ್ದ ಗದ್ದಿಯೊಳಗ ಬುಲೆಟ್ ರೇಸು ಐತಿ, ಹನ್ನೆರಡು ಸುತ್ತು. ಎರಡು ವರ್ಷ ಯಲ್ಲೇಶನ ಗಾಡಿಗೆ ನಾನ ಇಂಜಿನ್ ಕಟ್ಟಿದ್ನಿ. ಎರಡೂ ವರ್ಷ ಎಲ್ಲಾರಕಿಂತ ಮುಂದ ಇತ್ತು, ಎರಡೂ ವರ್ಷ ನಡುವ ಒಡೀತು. ಗಾಡಿ ಟೆಂಪೋದಾಗ ಮಲಗಿ ಬೆಳಗಾವಿಗೆ ಬಂತು. ಟೆಂಪೋ ಯಾರದು? ಹಿಂದವಾಡಿ ದುಂಡಪ್ಪಂದು. ಅವನೂ ನನ್ನಂಗ ಬುಲೆಟ್ ಮೆಕ್ಯಾನಿಕ್. ಅವನ ಇಂಜಿನ್ ಎತ್ತಿನ ಗಾಡಿಯಂಗ ಓಡತೈತಿ, ಆದ್ರ ಮನಿ ಮುಟ್ಟತೈತಿ. ಹಗ್ಗ ಬಿಗಿದು ನನ್ನ ಗಾಡಿ ಏರಿಸೂವಾಗ ಭಾಳ ಪ್ರೀತಿಲೆ ಏರಸ್ತಾನ, ಅದು ನನಗ ಸಹನ ಆಗೂದಿಲ್ಲ.

ಯಲ್ಲೇಶ ನೆಲ ನೋಡಿಕೋತ ಹೇಳಿದ. "ಮಾಮಾ, ಈ ಸಲ ಮೊದಲನೇ ನಂಬರ್ ಬರಲಿಲ್ಲಂದ್ರೂ ನಡೀತೈತಿ. ಗಾಡಿ ಮಾತ್ರ ಟೆಂಪೋ ಹತ್ತಬಾರದು. ಹತ್ತಿತಂದ್ರ ನಾ ದುಂಡಪ್ಪನ ಕಡೆ ಹೋಗತೀನಿ. ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಾಕ ಧ್ವನಿ ಎಲ್ಲಿಂದ ತರ್ಲಿ? ಪಾಟಿ ತುಂಬ ದೊಡ್ಡ ಅಕ್ಷರದಾಗ ಬರದ್ನಿ: ಹತ್ತೂದಿಲ್ಲ. ಬಳಪ ಮುರೀತು.

೧೫ ಜನೇವರಿ, ಶನಿವಾರ, ಸಂಕ್ರಾಂತಿ

ಕುಸುರೆಳ್ಳು ಕೊಡಾಕ ಬಂದವರದೆಲ್ಲ ಒಂದ ಚೇಷ್ಟಿ. "ತಿಳಗೂಳ ಘ್ಯಾ, ಗೋಡ ಬೋಲಾ ಈರಣ್ಣಾ" ಅಂತಾರ. ಎಳ್ಳು ತಗೋ, ಸಿಹಿ ಮಾತಾಡು. ಅಂದು ಹೊಟ್ಟಿ ಹಿಡಕೊಂಡು ನಗತಾರ. ನಮ್ಮನಿ ಇರೂ ಮಹಾಂತೇಶ ನಗರದಾಗ ಇಷ್ಟು ಮಂದಿ ನಗೂವವ್ರು ಅದಾರ ಅಂತ ಗೊತ್ತಿರ್ಲಿಲ್ಲ. ಬಾಜೂ ಮನಿ ಸಿದ್ದಕ್ಕ ಕಾಂತಾನ್ನ ಕೇಳಿದ್ಲು, ನಿಮ್ಮನಿಯವ್ರು ಊರಾಗ ಇಲ್ಲೇನು, ಹತ್ತು ದಿನ ಆತು ಮನಿ ತಣ್ಣಗೈತಿ. ನಾ ಅಲ್ಲೇ ಕುರ್ಚಿ ಮ್ಯಾಲ ಕುಂತಿದ್ದೆ.

ಮಧ್ಯಾಹ್ನ ಊಟ ಆದ ಮ್ಯಾಲ ಕಾಂತಾ ಕೇಳಿದ್ಲು, ನಿಮ್ಮ ಇಂಜಿನ್ ಯಾಕ ಒಡೀತೈತಿ? ಪಾಟಿ ಮ್ಯಾಲ ಚಿತ್ರ ತಗದು ತೋರಿಸಿದ್ನಿ. ಕೆಳಗ ಕ್ಯಾಮ್ ತಿರಗತೈತಿ. ಅದು ಉದ್ದನ್ನ ಕಡ್ಡಿ ದೂಡತೈತಿ, ಅದ ಪುಶ್‌ರಾಡ್. ಕಡ್ಡಿ ಮ್ಯಾಲಿನ ರಾಕರ್ ಎತ್ತತೈತಿ, ರಾಕರ್ ವಾಲ್ವ್ ತಗೀತೈತಿ. ತಗದ ವಾಲ್ವ್ ಹೊಳ್ಳಿ ಮುಚ್ಚೂದು ಸ್ಪ್ರಿಂಗಿನ ಕೆಲಸ. ಸಾದಾ ಓಡಸೂವಾಗ ಏನೂ ತ್ರಾಸಿಲ್ಲ. ರೇಸಿನ್ಯಾಗ ಇಂಜಿನ್ ನಿಮಿಷಕ್ಕ ಆರು ಸಾವಿರ ಸುತ್ತಿನ ಮ್ಯಾಲ ಹೋತಂದ್ರ ಮೆತ್ತಗಿನ ಸ್ಪ್ರಿಂಗಿಗೆ ವಾಲ್ವ್ ಹಿಡದು ತರಾಕ ಆಗೂದಿಲ್ಲ. ವಾಲ್ವ್ ಅರ್ಧಕ್ಕ ತೇಲತೈತಿ, ಪಿಸ್ಟನ್ ಬಂದು ಗುದ್ದತೈತಿ. ಮೊದಲನೇ ವರ್ಷ ಆದದ್ದು ಅದ. ಅದಕ್ಕ ಹೋದ ವರ್ಷ ಸ್ಪ್ರಿಂಗಿನ ಬುಡಕ್ಕ ಎರಡೆರಡು ಉಕ್ಕಿನ ವಾಷರ್ ಕೊಟ್ಟು ಬಿಗಿ ಮಾಡಿದ್ನಿ. ಪುಶ್‌ರಾಡ್ ಬಾಗಿ ಕುಡಗೋಲ ಆತು.

ಕಾಂತಾ ಪೂರಾ ಕೇಳಿದ್ಲು. ಮೆತ್ತಗ ಆಗಿ ಒಮ್ಮೆ ಕೆಟ್ಟಿತು, ಬಿಗಿ ಆಗಿ ಒಮ್ಮೆ ಕೆಟ್ಟಿತು, ಈ ಸಲ ಏನ ಮಾಡತೀರಿ ಅಂದ್ಲು. ನಾ ಬರದ್ನಿ: ಇನ್ನೊಂದು ವಾಷರ್. ಆಕಿ ಪಾಟಿ ನೋಡಿ, ನನ್ನ ಮಾರಿ ನೋಡಿ, ಭಾಂಡೆ ತಗೊಂಡು ಒಳಗ ಹೋದ್ಲು. ಹೋಗೂವಾಗ ಒಂದು ಮಾತು ಹೇಳಿದ್ಲು, ಇಪ್ಪತ್ತೊಂದು ವರ್ಷದಾಗ ನಾ ಕೇಳಿದ್ದಕ್ಕ ಇವತ್ತ ಪೂರಾ ಉತ್ತರ ಬಂತು ಅಂತ. ಹೆಂಗಸರಿಗೆ ಇಂಜಿನ್ ತಿಳಿಯೂದಿಲ್ಲ.

೨೦ ಜನೇವರಿ, ಗುರುವಾರ

ಯಲ್ಲೇಶ ಬಿಟ್ಟು ಹೋದ ಗಾಡಿಗೆ ಮೂರನೇ ವಾಷರ್ ಹಾಕಿದ್ನಿ. ಪುಶ್‌ರಾಡೂ ದಪ್ಪನ್ನವು ಮಾಡಿಸೀನಿ. ಇನ್ನ ಬಾಗಲಿ ನೋಡೋಣು.

ಸ್ಪ್ರಿಂಗ್ ನಾ ಹೆಬ್ಬಟ್ಟಿಲೆ ಒತ್ತಿ ನೋಡಿ ಆರಿಸೀನಿ. ನನ್ನ ಉಸ್ತಾದ ಕಲಿಸಿದ್ದು ಹಂಗ. ಬೆಂಚಿನ ಮ್ಯಾಲ ಇಟ್ಟು ಒತ್ತಬೇಕು, ಕಣ್ಣು ಮುಚ್ಚಬೇಕು, ಹೌದು ಅನಬೇಕು. ನನ್ನ ಹೆಬ್ಬಟ್ಟಿಗೆ ತಿಳಿಯದ ಸ್ಪ್ರಿಂಗ್ ಬೆಳಗಾವ್ಯಾಗ ಇಲ್ಲ. ರಾಯಪ್ಪ ಏನೋ ಹೇಳಾಕ ಬಂದ, ನನ್ನ ಮಾರಿ ನೋಡಿ ಬಿಟ್ಟ.

೨೪ ಜನೇವರಿ, ಸೋಮವಾರ

ಇವತ್ತ ಗಿರಾಕಿ ಇರ್ಲಿಲ್ಲ. ರಾಯಪ್ಪ ಯಲ್ಲೇಶನ ಗಾಡಿ ಸ್ಟ್ಯಾಂಡ್ ಹಚ್ಚಿ, ಪ್ಲಗ್ ತಗದು, ಗೇರಿನ್ಯಾಗ ಇಟ್ಟು ಹಿಂದಿನ ಗಾಲಿ ಕೈಲೆ ತಿರುವಾಕತ್ತಿದ್ದ. ನಾ ಚಹಾ ಕುಡಕೋತ ಕುಂತಿದ್ದೆ. ಮೊದಲಾಗಿದ್ರ ಅಷ್ಟೊತ್ತಿಗೆ ಯಾರಿಗೋ ಏನೋ ಹೇಳತಿದ್ನಿ. ಬಾಯಿ ಮುಚ್ಚಿದ್ದಕ್ಕ ಕೇಳಸ್ತು.

ಕಟ್. ಸಣ್ಣ ಸಪ್ಪಳ, ಅಡಕಿ ಕತ್ತರಿಸಿದಂಗ. ಗಾಲಿ ಅಲ್ಲೇ ಬಿಗಿ ಆತು, ಜೋರ ಮಾಡಿ ತಿರುವಿದ್ರ ದಾಟಿತು. ಇನ್ನೊಂದು ಸುತ್ತಿಗೆ ಮತ್ತ ಅದ ಜಾಗಾಕ್ಕ ಕಟ್.

ಕಪ್ಪು ಇಟ್ಟು ಎದ್ದು ಹೋಗಿ ಇಂಜಿನ್ನಿಗೆ ಕಿವಿ ಕೊಟ್ನಿ. ರಾಯಪ್ಪ ಕೈ ತಗದು ಹಿಂದ ಸರದು ನಿಂತ, ಒದರತೀನಿ ಅಂತ ತಿಳಕೊಂಡಿರಬೇಕು. ಪಾಟಿ ಮ್ಯಾಲ ಬರದ್ನಿ: ಏನದು? ಅವ ಒಂದು ಮಾತು ಹೇಳಿ ನಿಂತ. ನಾ ಅವನ ಮಾರಿ ನೋಡಿಕೋತ ನಿಂತ್ನಿ. ಅದು ಬಿಟ್ರ ನನಗ ಬ್ಯಾರೆ ಏನ ಮಾಡಾಕ ಬರತಿತ್ತು? ಆಗ ಅವ ಮುಂದ ಹೇಳಿದ.

"ಸ್ಪ್ರಿಂಗ್ ಪೂರಾ ಕುಂತಬಿಡತೈತ್ರಿ ಮಾಲಕ್ರ, ಸುತ್ತಿನ ಮ್ಯಾಲ ಸುತ್ತು. ವಾಷರ್ ಹಾಕಿದಷ್ಟೂ ಬಿಗಿ ಆಗತೈತಿ ಖರೇ. ಆದ್ರ ಅಷ್ಟ ಜಾಗಾನೂ ತಿಂತೈತಿ. ಕ್ಯಾಮ್ ಇನ್ನೂ ದೂಡತೈತಿ, ಮ್ಯಾಲ ಸ್ಪ್ರಿಂಗಿಗೆ ಹೋಗಾಕ ಜಾಗಾ ಇಲ್ಲ. ನಡುವ ಸಿಕ್ಕ ಪುಶ್‌ರಾಡ್ ಬಾಗಲಾರದ ಏನ ಮಾಡೀತು?"

ಹದಿಮೂರು ವರ್ಷದಾಗ ಅವನ ಬಾಯಿಂದ ಇಷ್ಟುದ್ದ ಮಾತು ಕೇಳಿದ್ದಿಲ್ಲ. ಕೇಳತಿರಬೇಕಾದ್ರ ನನಗ ತಿಳೀತು, ಇವ ಖರೇ ಹೇಳಾಕತ್ತಾನ. ಯಾವಾಗ ಗೊತ್ತಾತು ಅಂತ ಬರದ್ನಿ. ಹೋದ ವರ್ಷರಿ, ಹೇಳಿದ್ನಿ ಅಂದ.

ನೆನಪಾತು. ಹೋದ ವರ್ಷ ಇದ ಬೆಂಚಿನ ಹತ್ರ ಬಂದು, ಮಾಲಕ್ರ, ಆ ವಾಷರ್ ಏನೈತಲ್ಲ ಅಂದಿದ್ದ. ನೀ ನನಗ ವಾಷರ್ ಕಲಸ್ತಿ ಏನಲೇ ಅಂತ ಒದರಿದ್ನಿ, ಬಾಜೂ ಮೂರು ಅಂಗಡಿಗೆ ಕೇಳಿತ್ತು. ಇವತ್ತ ನಾಚಿಕಿ ಆತು. ಇದನ್ನ ಯಾರೂ ಓದೂದಿಲ್ಲ ಅಂತ ಬರೀತೀನಿ, ಭಾಳ ನಾಚಿಕಿ ಆತು. ಆದ್ರ ಅವನೂ ಇನ್ನೊಂದು ಸಲ ಹೇಳಬೇಕಿತ್ತು. ಅರ್ಧ ತಪ್ಪು ಅವಂದೂ ಐತಿ.

೨೮ ಜನೇವರಿ, ಶುಕ್ರವಾರ

ವಾಷರ್ ಎಲ್ಲಾ ತಗದ್ವಿ. ದಪ್ಪ ಪುಶ್‌ರಾಡ್ ಇರಲಿ, ಅದು ಬಾಗೂದಿಲ್ಲ ಅಂದ ರಾಯಪ್ಪ. ಅಷ್ಟರ ನಂದು ಉಳೀತು.

ಅವನ ಲೆಕ್ಕ ಹಿಂಗೈತಿ. ಸ್ಪ್ರಿಂಗ್ ಸಾದಾದಕಿಂತ ಜರಾ ಬಿಗಿ ಇರಬೇಕು, ಆದ್ರ ಪೂರಾ ಒತ್ತಿದಾಗೂ ಸುತ್ತು ಸುತ್ತಿನ ನಡುವ ಪೋಸ್ಟ್ ಕಾರ್ಡ್ ಹೋಗೂವಷ್ಟು ಸಂದಿ ಉಳೀಬೇಕು. ಅಷ್ಟ ಬಿಗಿಗೆ ವಾಲ್ವ್ ಹೊಳ್ಳಿ ಬರತೈತೇನು ಅಂತ ಬರದ್ನಿ. ವಾಲ್ವಿನ ಕಡೆ ಇರೂ ಭಾರ ಇಳಸೂಣ್ರಿ ಅಂದ. ರಾಕರಿನ ತುದಿ, ಸ್ಪ್ರಿಂಗಿನ ಟೊಪ್ಪಿಗಿ, ಎಲ್ಲೆಲ್ಲಿ ಸುಮ್ಮನ ಕಬ್ಬಣ ಐತಿ ಅಲ್ಲೆಲ್ಲ ಕಾನಸು ಹಾಕಿ ಉಜ್ಜಿ ತಗಿಯೂದು. ಕರಾ ಓಡಿ ಹೋದ್ರ ಒಬ್ಬ ಎಳದು ತರತಾನ, ಎಮ್ಮಿ ಓಡಿದ್ರ ನಾಕು ಮಂದಿ ಬೇಕಲ್ರಿ ಅಂದ. ಇವಗ ಇಷ್ಟು ಮಾತು ಬರತಾವು ಅಂತ ಯಾರಿಗೆ ಗೊತ್ತಿತ್ತು?

ಉದ್ಯಮಬಾಗದಾಗ ಸ್ಪ್ರಿಂಗ್ ಸುತ್ತೂವವನ ಕಡಿಂದ ಹತ್ತು ಸ್ಪ್ರಿಂಗ್ ತಂದ್ವಿ. ನಾ ಹೆಬ್ಬಟ್ಟು ಇಟ್ನಿ. ರಾಯಪ್ಪ ತೂಕಾ ಮಾಡಿ ನೋಡೂಣ್ರಿ ಅಂದ. ಸ್ಪ್ರಿಂಗಿಗೆ ಎಂಥಾ ತೂಕ? ಆದ್ರ ಬಳಪ ತಗೊಂಡು ಜಗಳಾಡಾಕ ಬ್ಯಾಸರ ಬರತೈತಿ. ನಮ್ಮನ್ಯಾಗ ಮಂದಿ ತೂಕ ನೋಡೂ ಮಷೀನು ಐತಿ. ಕಾಂತಾ ಹೋದ ದೀಪಾವಳಿಗೆ ತಂದು, ಎರಡು ಸಲ ಹತ್ತಿ, ಮಂಚದ ಬುಡಕ ದೂಡ್ಯಾಳ. ಅದನ್ನ ತಂದು ಡ್ರಿಲ್ ಮಷೀನಿನ ಕೆಳಗ ಇಟ್ವಿ. ಅದರ ಮ್ಯಾಲ ಸ್ಪ್ರಿಂಗ್. ಡ್ರಿಲ್ಲಿನ ಹಿಡಿಕಿ ಎಳದು, ಇಂಜಿನ್ನಿನ್ಯಾಗ ಎಷ್ಟು ಎತ್ತರಕ್ಕ ಕುಂದರತೈತೋ ಅಷ್ಟಕ್ಕ ಒತ್ತಿ ಮುಳ್ಳು ನೋಡೂದು.

ನಾ ಜೋಡಿ ಅಂತ ಆರಿಸಿದ ಎರಡು ಸ್ಪ್ರಿಂಗಿನ್ಯಾಗ ಒಂದು ಮೂವತ್ತೆರಡು ಕಿಲೋ, ಒಂದು ಇಪ್ಪತ್ತಾರು. ಮಷೀನು ಕೆಟ್ಟೈತಿ ಅಂತ ಬರದ್ನಿ. ರಾಯಪ್ಪ ತಾನ ಹತ್ತಿ ನಿಂತ, ಐವತ್ತೆಂಟು. ಇಳದು, ನೀವು ನಿಲ್ರಿ ಅಂದ. ನಿಂತ್ನಿ, ಎಂಬತ್ತೊಂದು. ಡಾಕ್ಟರಬಾಯಿ ಕಡೆನೂ ಅಷ್ಟ ಬಂದಿತ್ತು. ಮಷೀನು ಕೆಟ್ಟಿರ್ಲಿಲ್ಲ.

ಹೆಬ್ಬಟ್ಟು ಕಿಸೇದಾಗ ಹಾಕಿಕೊಂಡು ಮನಿಗೆ ಬಂದ್ನಿ.

೩ ಫೆಬ್ರುವರಿ, ಗುರುವಾರ

ತೂಕ ಕೂಡಿದ ಎರಡು ಸ್ಪ್ರಿಂಗ್ ಹಾಕಿ ಇಂಜಿನ್ ಕಟ್ಟಿ ಮುಗೀತು. ಗಾಲಿ ಕೈಲೆ ತಿರುವಿದ್ವಿ. ಕಟ್ ಇಲ್ಲ. ಹತ್ತು ಸಲ ತಿರುವಿದ್ವಿ, ಸಪ್ಪಳ ಇಲ್ಲ ಅನ್ನೂದನ್ನ ಕೇಳಾಕ. ಯಲ್ಲೇಶಗ ಗಾಡಿ ಕೊಟ್ಟು ಒಂದು ವಾರ ಖಾನಾಪುರಕ್ಕ ಸಾದಾ ಓಡಸು ಅಂತ ರಾಯಪ್ಪ ಹೇಳಿದ. ನಾನೂ ಅದನ್ನ ಬರಿಯಾಕತ್ತಿದ್ನಿ.

೯ ಫೆಬ್ರುವರಿ, ಬುಧವಾರ

ಗಾಡಿ ತರಿಸಿ ಬಿಚ್ಚಿ ನೋಡಿದ್ವಿ. ಕ್ಯಾಮಿನ ಮ್ಯಾಲ ಕುಂದರೂ ಟ್ಯಾಪೆಟ್ಟಿನ ಪಾದ ಹೋದ ವರ್ಷ ಗೆದ್ದಲ ಹತ್ತಿದ ಕಟಗಿಯಂಗ ಆಗಿತ್ತು. ಈ ಸಲ ಅದರಾಗ ನನ್ನ ಮೀಸಿ ಕಾಣಸ್ತು. ಸ್ಪ್ರಿಂಗ್ ಹಗರ ಇದ್ರ ಕ್ಯಾಮಿನ ಮ್ಯಾಲೂ ಭಾರ ಕಡಿಮಿ. ಇದು ನನಗ ಮೊದಲಿಂದ ಗೊತ್ತಿದ್ದ ಮಾತ, ಲಕ್ಷ್ಯಕ್ಕ ಬಂದಿರ್ಲಿಲ್ಲ.

ಮನ್ಯಾಗ ಕಾಂತಾ ಮೂರು ದಿನದಿಂದ ತನ್ನ ತಮ್ಮನ ಮದಿವಿ ಜಗಳದ ಕತಿ ಹೇಳಾಕತ್ತಾಳ. ಅವನ ಮದಿವಿಗೆ ನಾನೂ ಹೋಗಿದ್ನಿ, ಇಷ್ಟೆಲ್ಲ ಆಗಿತ್ತು ಅಂತ ಗೊತ್ತ ಇಲ್ಲ. ನಾಳೆ ಬೀಗರು ಊಟಕ್ಕ ಕುಂದರೂ ಭಾಗ ಬರತೈತಿ. ಸಂಜೀಕ ಲಗೂನ ಬರತೀನಿ ಅಂತ ಪಾಟಿ ಮ್ಯಾಲ ಬರದಿಟ್ಟೀನಿ.

೧೩ ಫೆಬ್ರುವರಿ, ರವಿವಾರ

ಎಲ್ಲಿಂದ ಸುರು ಮಾಡಲಿ?

ಗದ್ದಿಯೊಳಗ ಹನ್ನೊಂದು ಬುಲೆಟ್. ಸುತ್ತಲೂ ಖಾನಾಪುರದ ಮಂದಿ, ಮೈಕಿನ್ಯಾಗ ಒಬ್ಬ ಒಮ್ಮೆ ಮರಾಠಿ ಒಮ್ಮೆ ಕನ್ನಡ. ದುಂಡಪ್ಪ ತನ್ನ ಟೆಂಪೋ ನನ್ನ ಬಾಜೂಕ ತಂದು ನಿಲ್ಲಿಸಿ, ಹಗ್ಗ ಹೊಸಾದು ತಂದೀನಿ ಈರಣ್ಣಾ ಅಂದ. ಅವನ ನಸೀಬ ಚಲೋ, ನನ್ನ ಕೈಯಾಗ ಇದ್ದದ್ದು ಬಳಪ.

ಯಲ್ಲೇಶ ಮೊದಲನೇ ಸುತ್ತಿಗೆ ಮೂರನೇದಾವ, ನಾಕನೇ ಸುತ್ತಿಗೆ ಮುಂದ. ಇಂಜಿನ್ನಿನ ದನಿ ಎಂಥಾ ಸ್ವಚ್ಛ ಇತ್ತು! ನಾ ಕಣ್ಣು ಮುಚ್ಚಿ ನಿಂತು ಕೇಳಿದ್ನಿ, ಒಂದು ಹೆಚ್ಚಿನ ಸಪ್ಪಳ ಇಲ್ಲ. ಏಳನೇ ಸುತ್ತು ಬಂತು, ಮೊದಲನೇ ವರ್ಷ ಒಡದದ್ದು ಇಲ್ಲೇ. ದಾಟಿತು. ಒಂಬತ್ತನೇದು ಬಂತು, ಹೋದ ವರ್ಷದ್ದು. ಅದನ್ನೂ ದಾಟಿತು. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ ಅಂತಾರ, ನನ್ನ ಎದಿಯೊಳಗ ಆ ದೊಣ್ಣಿ ಎದ್ದ ನಿಂತಿತ್ತು.

ಹನ್ನೆರಡನೇ ಸುತ್ತು, ನಾವು ನಿಂತ ಮೂಲಿ. ಒಡ್ಡಿನ ಮ್ಯಾಲ ಗಾಡಿ ಜಿಗದು ಯಲ್ಲೇಶನ ಕಾಲು ಜಾರಿತು, ಗೇರ್ ಬಿಟ್ಟಿತು. ಇಂಜಿನ್ನಿಗೆ ಭಾರ ಇಲ್ಲ, ಎಕ್ಸಲೇಟರ್ ಪೂರಾ ತಗದದ್ದು ಹಂಗ ಐತಿ. ಏಳು ಸಾವಿರ ದಾಟಿ ಕಿರಚಾಕತ್ತಿತು. ಯಾವ ಸ್ಪ್ರಿಂಗೂ ತಡಿಯೂದಿಲ್ಲ ಅದನ್ನ, ಕರಾನೂ ಇಲ್ಲ ಎಮ್ಮಿನೂ ಇಲ್ಲ. ವಾಲ್ವಿನ ಚಟಚಟ ಸುರು ಆತು. ಗಡಿಬಿಡಿಯೊಳಗ ಆ ಹುಡುಗ ಎಕ್ಸಲೇಟರಿನ ಕೈ ಬಿಡವಲ್ಲ. ನಾ ಬಾಯಿ ತಗದ್ನಿ. ಗಂಟಲ ಹೋದ್ರ ಹೋಗಲಿ ಅಂತನ ತಗದ್ನಿ. ಅಷ್ಟರಾಗ ನನ್ನ ಬಲಗಡೆಯಿಂದ ಸಿಡಿಲ ಬಡದಂಗ ಬಂತು.

"ಕೈ ಬಿಡೋ ಯಲ್ಲೇಶಾ!"

ರಾಯಪ್ಪ. ನಮ್ಮ ರಾಯಪ್ಪ. ಕುತ್ತಿಗಿ ನರ ಉಬ್ಬಿದ್ವು, ಎರಡೂ ಕೈ ಮ್ಯಾಲ ಎತ್ತಿದ್ದ. ಮೈಕಿನವ ಸೈತ ಗಪ್ಪಾದ.

ಯಲ್ಲೇಶ ಕೈ ಬಿಟ್ಟ. ಇಂಜಿನ್ ಇಳೀತು. ಗೇರ್ ಹಾಕಿದ, ಮತ್ತ ಹೊಂಟ. ಅಷ್ಟರಾಗ ದುಂಡಪ್ಪ ಇಂಜಿನ್ ಕಟ್ಟಿದ ಎತ್ತಿನ ಗಾಡಿ ದಾಟಿ ಹೋಗಿತ್ತು. ಯಲ್ಲೇಶ ಎರಡನೇದಾವ ಬಂದ, ಅರ್ಧ ಗಾಲಿ ಹಿಂದ. ಇಂಜಿನ್ ಚಾಲೂ ಇಟ್ಟ ನಮ್ಮ ಕಡೆ ಬಂದು ನಿಲ್ಲಿಸಿದ. ಡುಗ್ ಡುಗ್ ಡುಗ್, ಒಂದೂ ತಪ್ಪಲಿಲ್ಲ. ನನ್ನ ಕಣ್ಣಾಗ ನೀರು ಬಂದ್ವು, ಧೂಳ ಭಾಳ ಇತ್ತು.

ರಾಯಪ್ಪ ಹೇಳಿದ್ದು ಕೇಳಸ್ತೇನು ಅಂತ ಬರದು ತೋರಿಸಿದ್ನಿ. "ಇಲ್ಲ ಮಾಮಾ, ಆ ಗದ್ದಲದಾಗ ಏನ ಕೇಳತೈತಿ? ರಾಯಪ್ಪಣ್ಣನ ಬಾಯಿ ಅಷ್ಟು ತಗದದ್ದು ನೋಡಿದ್ನಿ. ಗಾಬರಿ ಆಗಿ ಕೈ ತಾನ ಸಡಲ ಆತು." ರಾಯಪ್ಪ ನೆಲ ನೋಡಾಕತ್ತಿದ್ದ, ಕಿವಿ ಕೆಂಪಾಗಿದ್ವು.

ಬಿಚ್ಚಿ ನೋಡಾಕ ಗಾಡಿ ತನ್ನ ಗಾಲಿ ಮ್ಯಾಲ ಬೆಳಗಾವಿಗೆ ಬಂತು. ಯಲ್ಲೇಶ ಹೊಡದ, ಹಿಂದ ರಾಯಪ್ಪ ಕುಂತ. ಒಂದು ಗಾಡಿಗೆ ಇಬ್ಬರ, ಹಿಂಗಾಗಿ ಟೆಂಪೋ ಹತ್ತಿದವ ನಾನ. ಬೆಳಗಾವಿ ತನಕ ದುಂಡಪ್ಪ ತನ್ನ ಇಂಜಿನ್ ಗೆದ್ದ ಕತಿ ಹೇಳಿದ. ಪೂರಾ ಕೇಳೀನಿ. ನಡುವ ಅವನ ಇಂಜಿನ್ ಯಾಕ ಒಡಿಯೂದಿಲ್ಲ ಅನ್ನೂದನ್ನೂ ಹೇಳಿದ, ಅದು ಜರಾ ಉಪಯೋಗದ ಮಾತು. ಮನಷ್ಯಾ ಅಷ್ಟೇನೂ ಕೆಟ್ಟಾವಲ್ಲ.

೧೬ ಫೆಬ್ರುವರಿ, ಬುಧವಾರ

ಡಾಕ್ಟರಬಾಯಿ ಕನ್ನಡಿ ಹಾಕಿ ನೋಡಿ, ಗಂಟು ಕರಗ್ಯಾವು, ಇನ್ನ ಮಾತಾಡ್ರಿ, ಮೆಲ್ಲಕ ಅಂದ್ರು. ನಾ ಕೈ ಮುಗದು ಹೊರಗ ಬಂದ್ನಿ. ಮೊದಲನೇ ಮಾತು ಗ್ಯಾರೇಜಿನ್ಯಾಗ ಆಡಬೇಕು ಅಂತ ಠರಾಯಿಸಿದ್ನಿ. ಆರು ವಾರದ್ದು ಕೂಡಿಟ್ಟ ಭಾಷಣ ಇತ್ತು, ದಾರಿಯೊಳಗ ಮನಸಿನ್ಯಾಗ ಎರಡು ಸಲ ತಿರುವಿ ನೋಡಿಕೊಂಡ್ನಿ.

ಗ್ಯಾರೇಜಿನ್ಯಾಗ ಸಂತಿ ಕೂಡಿತ್ತು. ಕಾಂತಾ ಪೇಢೆ ತಂದಿದ್ಲು, ಯಲ್ಲೇಶ ರಜಾ ಹಾಕಿ ಬಂದಿದ್ದ, ಹಿಂದವಾಡಿಯಿಂದ ದುಂಡಪ್ಪ ಸೈತ ಬಂದು ಕುಂತಿದ್ದ. ಎಲ್ಲಾರೂ ನನ್ನ ಬಾಯಿ ನೋಡಾಕತ್ರು. ಅಷ್ಟರಾಗ ಒಬ್ಬ ಹೊಸ ಗಿರಾಕಿ ಬುಲೆಟ್ ದೂಡಿಕೋತ ಬಂದ. ಅವಗ ಇದರ ಗಂಧಾನೂ ಇಲ್ಲ. ಜೋರ ಓಡಿಸಿದ್ರ ವಾಲ್ವ್ ಚಟಚಟ ಅಂತಾವು, ಸ್ಪ್ರಿಂಗಿನ ಬುಡಕ ಇನ್ನೊಂದು ವಾಷರ್ ಹಾಕಿದ್ರ ನಡೀತೈತೇನು ಅಂತ ನನ್ನ ಕೇಳಿದ.

ಬಾಯಿ ತಗದ್ನಿ. ಧ್ವನಿ ಬಂತು, ನಂದ ಐತೋ ಇಲ್ಲೋ ಅನ್ನೂವಷ್ಟು ತಣ್ಣಗಿತ್ತು.

"ರಾಯಪ್ಪನ್ನ ಕೇಳ್ರಿ."

ಕಾಂತಾ ಮಾರಿ ಆ ಕಡೆ ಮಾಡಿ ಪೇಢೆ ಡಬ್ಬಿ ಬಿಚ್ಚಿದ್ಲು. ರಾಯಪ್ಪ ಚಿಂದಿಲೆ ಕೈ ಒರಸಿಕೊಂಡು ಬಂದು, ಗಾಡಿ ಮುಂದ ಕುಂತು ಹೇಳಾಕ ಸುರು ಮಾಡಿದ. ಹತ್ತು ನಿಮಿಷ ಹೇಳಿದ. ಒಂದು ಕಡೆ ತಪ್ಪಿದ, ತಾನ ತಿದ್ದಿಕೊಂಡ. ನನ್ನ ಚಹಾ ಆರಿ ಹೋತು.

ಭಾಷಣ ಹಂಗ ಉಳೀತು. ಗಂಟಲ ಜರಾ ಒಣಗಿತ್ತು, ಅದಕ್ಕ ಮಾಡಲಿಲ್ಲ. ನಾಳೆ ನೋಡತೀನಿ.